ಮುಟ್ಟಿದರೆ ಔಟ್: ಬ್ಲಾಕ್ ಜೋಡಿಸೋಕೆ ಕಲಿಸಿದ ಮೇಲೆ ಟೀಚರಿಗೆ ಇನ್ನೇನು ಕಲಿಸಬೇಕು?

ಕಳೆದ ಚಳಿಗಾಲದ ಒಂದು ಶನಿವಾರ, ಡಬ್ಲಿನ್‌ನಲ್ಲಿ ನಮ್ಮ ಮನೆ ಹತ್ತಿರದ ಲೈಬ್ರರಿಯಲ್ಲಿ ಮಕ್ಕಳ ಕೋಡಿಂಗ್ ಕ್ಲಬ್ ನಡೀತಿತ್ತು. ನಾನು ಅಲ್ಲಿ ವಾಲಂಟಿಯರ್. ವಾರವೆಲ್ಲ ಆಫೀಸಿನಲ್ಲಿ ಡೇಟಾ ಜೊತೆ ಗುದ್ದಾಡಿ, ಶನಿವಾರ ಬೆಳಗ್ಗೆ ಎರಡು ಗಂಟೆ ಮಕ್ಕಳ ಪಕ್ಕ ಕೂತು ಸ್ಕ್ರ್ಯಾಚ್ ಬೆಕ್ಕನ್ನ ಓಡಿಸೋದು ನನಗೆ ಒಂಥರಾ ಬಿಡುವು. ಅವತ್ತು ಒಬ್ಬ ಪ್ರೈಮರಿ ಸ್ಕೂಲ್ ಟೀಚರ್ ಬಂದಿದ್ರು. ಅವರ ಶಾಲೆಯಲ್ಲಿ ಕೋಡಿಂಗ್ ಶುರು ಮಾಡಬೇಕಂತೆ, ಜವಾಬ್ದಾರಿ ಇವರ ತಲೆಗೆ ಬಂದಿದೆ. "ಸುಮ್ನೆ ಕೂತು ನೋಡ್ತೀನಿ" ಅಂದ್ರು. ಎಂಟು ವರ್ಷದ ಒಬ್ಬ ಹುಡುಗಿ ಪಕ್ಕ ಕುರ್ಚಿ ಹಾಕಿಕೊಟ್ಟೆ.

ಹುಡುಗಿ ಒಂದು ಆಟ ಕಟ್ಟುತ್ತಿದ್ದಳು. ಬಾಣದ ಗುರುತಿನ ಕೀ ಒತ್ತಿದ್ರೆ ಬೆಕ್ಕು ಓಡುತ್ತೆ, ನಾಯಿ ಮುಟ್ಟಿದ್ರೆ "ಔಟ್!" ಅನ್ನಬೇಕು. ಔಟ್ ಅನ್ನೋ ಭಾಗಕ್ಕೆ ಅವಳು ಮೂರೇ ಬ್ಲಾಕ್ ಜೋಡಿಸಿದ್ದಳು: ಹಸಿರು ಬಾವುಟ ಒತ್ತಿದಾಗ, ನಾಯಿಯನ್ನ ಮುಟ್ಟಿದ್ದರೆ, "ಔಟ್" ಅನ್ನು. ಓದಿದ್ರೆ ಎಲ್ಲ ಸರಿಯಾಗೇ ಇದೆ. ಆದ್ರೆ ಬೆಕ್ಕು ನಾಯಿ ಮೈಮೇಲೆ ಹತ್ತಿ ಇಳಿದ್ರೂ ತುಟಿ ಬಿಚ್ಚಲ್ಲ. ಹುಡುಗಿ ಟೀಚರ್ ಮುಖ ನೋಡಿದಳು, ಟೀಚರ್ ನನ್ನ ಮುಖ ನೋಡಿದ್ರು.

ನಾನು ಮೌಸ್ ಕೈಗೆ ತಗೊಂಡು, ಫಾರೆವರ್ ಬ್ಲಾಕ್ ಎಳೆದು ತಂದು ಇಫ್ ಬ್ಲಾಕಿನ ಸುತ್ತ ಹಾಕಿದೆ. ಹತ್ತು ಸೆಕೆಂಡಿನ ಕೆಲಸ. ಬೆಕ್ಕು "ಔಟ್" ಅಂತು. ಹುಡುಗಿ ಚಪ್ಪಾಳೆ ಹೊಡೆದಳು. ಟೀಚರ್ ಮಾತ್ರ "ಯಾಕೆ?" ಅಂದ್ರು.

"ಅದಕ್ಕೆ ಲೂಪ್ ಬೇಕು" ಅಂದೆ.

ಅವರು ಒಂದು ಗಳಿಗೆ ಸುಮ್ಮನಿದ್ದು ಹೇಳಿದ್ರು: "ನನ್ನ ಕ್ಲಾಸಲ್ಲಿ ನಾನು ಹೀಗೆ ಹೇಳಿದ್ರೆ ಮಕ್ಕಳು ನಂಬ್ತಾರೆ. ಆದ್ರೆ ಅವರಿಗೆ ಗೊತ್ತಾಗಲ್ಲ. ನನಗೂ ಗೊತ್ತಾಗಿಲ್ಲ."

ಅವತ್ತಿಂದ ಈ ಮಾತು ತಲೆಯಲ್ಲಿ ಕೂತಿದೆ. ಬ್ಲಾಕ್ ಪ್ರೋಗ್ರಾಮಿಂಗ್ ಕಲಿಸೋಕೆ ಟೀಚರ್‌ಗಳನ್ನ ತಯಾರು ಮಾಡೋ ಪುಸ್ತಕ, ವಿಡಿಯೋ, ತರಬೇತಿ ಸಾಮಗ್ರಿ ಸಿಕ್ಕಷ್ಟನ್ನೂ ಆಮೇಲೆ ಓದಿದೆ, ನೋಡಿದೆ. ನನ್ನ ದೂರು ಒಂದೇ ಸಾಲಲ್ಲಿ ಹೇಳೋದಾದ್ರೆ ಹೀಗೆ: ಟೀಚರಿಗೆ ಬ್ಲಾಕ್ ಜೋಡಿಸೋದನ್ನ ಕಲಿಸ್ತಿದ್ದೀವಿ, ಮಗು ಜೋಡಿಸಿದ್ದನ್ನ ಓದೋದನ್ನ ಕಲಿಸ್ತಿಲ್ಲ.

ಒಂದು 'ದ' ಒತ್ತಿನ ವ್ಯತ್ಯಾಸ

ಆ ಹುಡುಗಿ ತಲೆಯಲ್ಲಿ ಏನಿತ್ತು ಅಂತ ಈಗ ನಿಧಾನಕ್ಕೆ ಯೋಚನೆ ಮಾಡೋಣ. ಅವಳು ಬರೆದದ್ದು ಆಟದ ನಿಯಮ. ಮುಟ್ಟಾಟ ಆಡೋ ಮುಂಚೆ "ಮುಟ್ಟಿದರೆ ಔಟ್" ಅಂತ ಒಂದೇ ಸಲ ಹೇಳ್ತೀವಿ. ಆಟ ಮುಗಿಯೋವರೆಗೂ ಆ ಮಾತು ಜಾರಿಯಲ್ಲಿರುತ್ತೆ, ಪ್ರತಿ ನಿಮಿಷಕ್ಕೂ ಮತ್ತೆ ಹೇಳಬೇಕಿಲ್ಲ. ಇಂಗ್ಲಿಷ್‌ನ 'ಇಫ್' ಅನ್ನೂ ಮಕ್ಕಳು ಆಟದ ಬಯಲಲ್ಲಿ ಹೀಗೇ ಬಳಸ್ತಾರೆ.

ಸ್ಕ್ರ್ಯಾಚಿನ ಇಫ್ ಬ್ಲಾಕ್‌ಗೆ ಇಷ್ಟು ನೆನಪಿನ ಶಕ್ತಿ ಇಲ್ಲ. ಬಾವುಟ ಒತ್ತಿದ ತಕ್ಷಣ ಅದು ಒಂದೇ ಒಂದು ಸಲ ನೋಡುತ್ತೆ: ಈಗ, ಈ ಗಳಿಗೆಯಲ್ಲಿ ನಾಯಿ ಮುಟ್ಟಿದೆಯಾ? ಇಲ್ಲ. ಸರಿ, ನನ್ನ ಕೆಲಸ ಮುಗೀತು. ಇಷ್ಟೆಲ್ಲ ನಡೆಯೋದು ಕಣ್ಣು ಮಿಟುಕಿಸೋದ್ರೊಳಗೆ. ಹುಡುಗಿ ಕೀಬೋರ್ಡ್ ಮೇಲೆ ಕೈ ಇಡೋ ಹೊತ್ತಿಗೆ ಆ ಪ್ರೋಗ್ರಾಂ ಓಡಿ ಮುಗಿದು ಎಷ್ಟೋ ಹೊತ್ತಾಗಿರುತ್ತೆ. ಅದನ್ನ ಫಾರೆವರ್ ಒಳಗೆ ಇಟ್ಟಾಗ ಆಗೋದು ಇಷ್ಟೇ: ನೋಡು, ಮತ್ತೆ ನೋಡು, ಮತ್ತೆ ನೋಡು.

ಮನೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸ್ತಿರೋರಿಗೆ ಇದನ್ನ ವಿವರಿಸೋಕೆ ಒಂದು ಅನುಕೂಲ ಇದೆ. 'ಮುಟ್ಟಿದರೆ' ಅಂದ್ರೆ ಮುಂದೆ ಯಾವಾಗಲಾದರೂ ಮುಟ್ಟಿದರೆ. 'ಮುಟ್ಟಿದ್ದರೆ' ಅಂದ್ರೆ ನಾನು ನೋಡೋ ಹೊತ್ತಿಗೆ ಮುಟ್ಟಿ ಆಗಿದ್ದರೆ. 'ಮುಟ್ಟಿದಾಗಲೆಲ್ಲ' ಅಂದ್ರೆ ಪ್ರತಿ ಸಲ. ಹುಡುಗಿ ಮನಸ್ಸಲ್ಲಿ ಇದ್ದದ್ದು ಮೊದಲನೇದು, ಕಂಪ್ಯೂಟರಿಗೆ ಗೊತ್ತಿರೋದು ಎರಡನೇದು. ನಡುವೆ ಇರೋದು ಒಂದು ದ ಒತ್ತು. "ಅದಕ್ಕೆ ಲೂಪ್ ಬೇಕು" ಅಂತ ಹೇಳಿ ನಾನು ಮುಚ್ಚಿಹಾಕಿದ್ದು ಇದನ್ನೇ.

ಇದು ನಾನು ಕಂಡುಹಿಡಿದ ವಿಷಯ ಅಂದ್ಕೋಬೇಡಿ. ಅಮೆರಿಕದ ಸಂಶೋಧಕ ರಾಯ್ ಪೀ 1986ರಲ್ಲೇ ಈ ತಪ್ಪಿನ ಬಗ್ಗೆ ಬರೆದಿದ್ದಾರೆ. ಭಾಷೆ ಯಾವುದೇ ಇರಲಿ, ಹೊಸಬರು ಪ್ರೋಗ್ರಾಂ ಬರೆಯುವಾಗ ಮತ್ತೆ ಮತ್ತೆ ಮಾಡೋ ತಪ್ಪುಗಳನ್ನ ಅವರು ಗುಂಪು ಮಾಡಿದ್ರು. ಇಫ್ ಸಾಲು ಕಾದು ಕೂತಿರುತ್ತೆ, ಷರತ್ತು ನಿಜವಾದಾಗ ಎದ್ದು ಕೆಲಸ ಮಾಡುತ್ತೆ ಅನ್ನೋ ನಂಬಿಕೆ ಅದರಲ್ಲೊಂದು. ಇವೆಲ್ಲದರ ಬೇರಿಗೆ ಅವರು 'ಸೂಪರ್‌ಬಗ್' ಅಂತ ಹೆಸರಿಟ್ರು: ಯಂತ್ರದೊಳಗೆ ಒಂದು ಮನಸ್ಸಿದೆ, ನಾನು ಬಾಯಿಬಿಟ್ಟು ಹೇಳದೇ ಇದ್ದದ್ದೂ ಅದಕ್ಕೆ ಅರ್ಥ ಆಗುತ್ತೆ ಅನ್ನೋ ಭಾವನೆ. ಬ್ರಿಟನ್ನಿನ ಬೆನೆಡಿಕ್ಟ್ ಡು ಬೂಲೇ ಅದೇ ದಶಕದಲ್ಲಿ ಇನ್ನೊಂದು ಮಾತು ಮುಂದಿಟ್ರು. ಪ್ರೋಗ್ರಾಂ ಕಲಿಯೋದು ಅಂದ್ರೆ ಅದನ್ನ ಓಡಿಸೋ ಯಂತ್ರದ ಒಂದು ಚಿತ್ರ ಮನಸ್ಸಲ್ಲಿ ಕಟ್ಟಿಕೊಳ್ಳೋದು, ಕಲಿಸೋರು ಆ ಚಿತ್ರವನ್ನ ಬೇಕಂತಲೇ ಕಟ್ಟಿಕೊಡಬೇಕು ಅಂತ.

ಅಂದ್ರೆ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನೋದು ಸುಮಾರು ನಲವತ್ತು ವರ್ಷದಿಂದ ಗೊತ್ತಿದೆ. ಸ್ಕ್ರ್ಯಾಚ್ ಬಂದದ್ದು 2007ರಲ್ಲಿ. ಬ್ಲಾಕ್‌ಗಳು ಒಂದಕ್ಕೊಂದು ಕೂತರೆ ಮಾತ್ರ ಕೂರುತ್ತವೆ, ಹಾಗಾಗಿ ಸೆಮಿಕೋಲನ್ ಮರೆತ, ಸ್ಪೆಲ್ಲಿಂಗ್ ತಪ್ಪಿತು ಅನ್ನೋ ಗೋಳೆಲ್ಲ ಮಾಯ. ಇದು ದೊಡ್ಡ ಉಪಕಾರವೇ. ಆದ್ರೆ ಆ ತಪ್ಪುಗಳೆಲ್ಲ ಹೋದಮೇಲೆ ಉಳಿಯೋವು ಅರ್ಥದ ತಪ್ಪುಗಳು ಮಾತ್ರ. ಕೆಂಪು ಗೆರೆ ಬರಲ್ಲ, ಎರರ್ ಮೆಸೇಜ್ ಬರಲ್ಲ, ಬೆಕ್ಕು ಸುಮ್ಮನೆ ನಿಂತಿರುತ್ತೆ. ಬ್ಲಾಕ್ ಸುಲಭ, ಹಾಗಾಗಿ ಕಲಿಸೋದೂ ಸುಲಭ ಅನ್ನೋ ಲೆಕ್ಕ ಇಲ್ಲೇ ಜಾರುತ್ತೆ.

ಐರ್ಲೆಂಡ್ ಬಂದ ದಾರಿ

ಈ ದೇಶಕ್ಕೆ ಮಕ್ಕಳ ಕೋಡಿಂಗ್ ಹೊಸದಲ್ಲ. 2011ರಲ್ಲಿ ಕಾರ್ಕ್ ನಗರದಲ್ಲಿ ಜೇಮ್ಸ್ ವೆಲ್ಟನ್ ಮತ್ತು ಬಿಲ್ ಲಿಯಾವ್ ಶುರು ಮಾಡಿದ ಕೋಡರ್‌ಡೋಜೋ ಇಲ್ಲಿಂದ ಹತ್ತಾರು ದೇಶಗಳಿಗೆ ಹಬ್ಬಿತು. ಏಳರಿಂದ ಹದಿನೇಳು ವರ್ಷದ ಮಕ್ಕಳು, ದುಡ್ಡು ತಗೊಳ್ಳದ ವಾಲಂಟಿಯರ್‌ಗಳು, ಪಠ್ಯಕ್ರಮ ಇಲ್ಲ, ಪರೀಕ್ಷೆ ಇಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಸ್ಕ್ರ್ಯಾಚ್ ಕಲಿತದ್ದು ಅಂಥ ಕಡೆಗಳಲ್ಲೇ.

ಶಾಲೆ ನಿಧಾನಕ್ಕೆ ಹಿಂದೆ ಬಂತು. ಜೂನಿಯರ್ ಸೈಕಲ್‌ನಲ್ಲಿ 100 ಗಂಟೆಯ ಕೋಡಿಂಗ್ ಶಾರ್ಟ್ ಕೋರ್ಸ್ ಬಂತು, ಆದ್ರೆ ಬೇಕಾದ ಶಾಲೆ ತಗೊಳ್ಳಬಹುದು ಅಷ್ಟೇ. ಲೀವಿಂಗ್ ಸರ್ಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ 2018ರ ಸೆಪ್ಟೆಂಬರ್‌ನಲ್ಲಿ 40 ಶಾಲೆಗಳಲ್ಲಿ ಶುರುವಾಯ್ತು. 2016ರಲ್ಲಿ ಆಗಿನ ಶಿಕ್ಷಣ ಮಂತ್ರಿ ರಿಚರ್ಡ್ ಬ್ರೂಟನ್ ಪ್ರೈಮರಿಯಲ್ಲೂ ಕೋಡಿಂಗ್ ತರೋ ಬಗ್ಗೆ ಯೋಚಿಸಿ ಅಂತ ಪಠ್ಯಕ್ರಮ ಮಂಡಳಿಯಾದ ಎನ್‌ಸಿಸಿಎಗೆ ಹೇಳಿದ್ರು. ಮಂಡಳಿ ಕೆಲವು ಶಾಲೆಗಳ ಜೊತೆ ಕೂತು ಪ್ರಯೋಗ ಮಾಡ್ತು. 1999ರ ಹಳೇ ಪಠ್ಯಕ್ರಮದ ಜಾಗಕ್ಕೆ 2023ರಲ್ಲಿ ಹೊಸ ಚೌಕಟ್ಟು ಬಂತು, 2025ರಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮೂರನ್ನೂ ಒಟ್ಟಿಗೆ ಸೇರಿಸಿದ ಹೊಸ ಪಠ್ಯಕ್ರಮ ಬಂತು. ಇಷ್ಟು ದಿನ ಆಸಕ್ತಿ ಇದ್ದ ಟೀಚರ್ ಮಾಡ್ತಿದ್ದದ್ದು ಇನ್ನು ಮುಂದೆ ಎಲ್ಲ ಟೀಚರ್‌ಗಳ ಕೆಲಸದ ಹತ್ತಿರ ಬರ್ತಿದೆ.

ಈಗ ಆ ಟೀಚರ್ ಜಾಗದಲ್ಲಿ ನಿಂತು ನೋಡಿ. ಐರ್ಲೆಂಡಿನ ಪ್ರೈಮರಿಯಲ್ಲಿ ಒಂದು ಕ್ಲಾಸಿಗೆ ಒಬ್ಬರೇ ಟೀಚರ್. ಇಂಗ್ಲಿಷ್, ಐರಿಷ್, ಗಣಿತ, ಇತಿಹಾಸ, ಸಂಗೀತ, ಪಿಇ ಎಲ್ಲವೂ ಅವರೇ. ಬಿ.ಎಡ್. ನಾಲ್ಕು ವರ್ಷ, ಅಥವಾ ಡಿಗ್ರಿ ಆದಮೇಲೆ ಎರಡು ವರ್ಷದ ಮಾಸ್ಟರ್ಸ್. ಕೆಲಸಕ್ಕೆ ಸೇರಿದ ಮೇಲೆ ಅವರ ತರಬೇತಿ ನೋಡಿಕೊಳ್ಳೋದು 2023ರಲ್ಲಿ ನಾಲ್ಕು ಹಳೇ ಸಂಸ್ಥೆಗಳನ್ನ ಸೇರಿಸಿ ಕಟ್ಟಿದ 'ಒಯ್ಡೆ'. ಐರಿಷ್‌ನಲ್ಲಿ ಆ ಪದಕ್ಕೆ ಗುರು ಅನ್ನೋ ಅರ್ಥ. ಇದಲ್ಲದೆ ಬೇಸಿಗೆ ಕೋರ್ಸ್‌ಗಳಿವೆ. ಜುಲೈನಲ್ಲಿ ರಜೆ ಸಿಕ್ಕ ಕೂಡಲೇ 20 ಗಂಟೆಯ ಕೋರ್ಸ್ ಮಾಡಿದ್ರೆ ಶಾಲೆ ನಡೆಯೋ ದಿನಗಳಲ್ಲಿ ಕೆಲವು ದಿನ ಹೆಚ್ಚುವರಿ ರಜೆ ಸಿಗುತ್ತೆ. ಒಳ್ಳೇ ಪದ್ಧತಿ. ಆದ್ರೆ 20 ಗಂಟೆಯಲ್ಲಿ ಏನನ್ನ ಹಿಡಿಸ್ತೀವಿ ಅನ್ನೋದೇ ಪ್ರಶ್ನೆ.

ಮೂರು ಅಭ್ಯಾಸಗಳು

ನಾನು ನೋಡಿದ ಸಾಮಗ್ರಿಗಳಲ್ಲಿ, ಯಾವ ದೇಶದ್ದೇ ಇರಲಿ, ಮೂರು ವಿಷಯ ಮತ್ತೆ ಮತ್ತೆ ಸಿಗ್ತವೆ.

ಮೊದಲನೇದು ಊರು ತೋರಿಸೋ ಪ್ರವಾಸ. ಇದು ಸ್ಟೇಜ್, ಇದು ಸ್ಪ್ರೈಟ್, ನೀಲಿ ಬ್ಲಾಕ್ ಚಲನೆಗೆ, ಹಳದಿ ಬ್ಲಾಕ್ ಘಟನೆಗೆ. ಬೇಕಾದ್ದೇ, ಆದ್ರೆ ಅರ್ಧ ದಿನ ಇದಕ್ಕೇ ಹೋಗುತ್ತೆ. ಮಕ್ಕಳು ಇದನ್ನ ಹತ್ತು ನಿಮಿಷದಲ್ಲಿ ತಾವೇ ಹುಡುಕಿಕೊಳ್ತಾರೆ.

ಎರಡನೇದು ಸಿದ್ಧ ಪ್ರಾಜೆಕ್ಟ್. ಹನ್ನೆರಡು ಹಂತದ ಹಾಳೆ, ಪ್ರತಿ ಹಂತಕ್ಕೂ ಚಿತ್ರ, ಕೊನೇಲಿ ಆಟ ರೆಡಿ. ಟೀಚರ್ ಖುಷಿಯಾಗಿ ಮನೆಗೆ ಹೋಗ್ತಾರೆ. ಸೋಮವಾರ ಕ್ಲಾಸಲ್ಲಿ ಒಂದು ಮಗು ಏಳನೇ ಹಂತದಲ್ಲಿ ದಾರಿ ಬಿಟ್ಟು ತನ್ನದೇ ಏನೋ ಮಾಡುತ್ತೆ. ಹಾಳೆಯಲ್ಲಿ ಅದಕ್ಕೆ ಉತ್ತರ ಇಲ್ಲ. ಆಗ ಟೀಚರ್ ಮುಂದೆ ಇರೋದು ಎರಡೇ ದಾರಿ: ಮಗುವನ್ನ ಹಾಳೆಗೆ ವಾಪಸ್ ಎಳೆಯೋದು, ಇಲ್ಲ "ಪಕ್ಕದವನನ್ನ ಕೇಳು" ಅನ್ನೋದು.

ಮೂರನೇದು ಒಂದು ಘೋಷಣೆ: "ನಿಮಗೆ ಎಲ್ಲ ಗೊತ್ತಿರಬೇಕಿಲ್ಲ, ಮಕ್ಕಳ ಜೊತೆ ನೀವೂ ಕಲಿಯಿರಿ." ಇದರ ಬಗ್ಗೆ ಸ್ವಲ್ಪ ಎಚ್ಚರದಿಂದ ಮಾತಾಡಬೇಕು, ಯಾಕಂದ್ರೆ ಇದರಲ್ಲಿ ನಿಜವಾದ ಔದಾರ್ಯ ಇದೆ. ಐವತ್ತು ವರ್ಷದ ಟೀಚರ್ ಒಬ್ಬರಿಗೆ ಕಂಪ್ಯೂಟರ್ ಮುಂದೆ ಕೂರೋ ಧೈರ್ಯ ಕೊಟ್ಟದ್ದೇ ಈ ಮಾತು ಇರಬಹುದು. ಸ್ಕ್ರ್ಯಾಚ್ ಹಿಂದಿರೋ ತತ್ವವೂ ಇದೇ. ಸೀಮರ್ ಪ್ಯಾಪರ್ಟ್ 1980ರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ಮಗು ಕಂಪ್ಯೂಟರಿಗೆ ಕಲಿಸಬೇಕೇ ಹೊರತು ಕಂಪ್ಯೂಟರ್ ಮಗುವಿಗಲ್ಲ ಅನ್ನೋ ವಾದ ಇಟ್ಟರು. ಅವರ ಶಿಷ್ಯ ಪರಂಪರೆಯ ಮಿಚೆಲ್ ರೆಸ್ನಿಕ್ ಎಂಐಟಿಯಲ್ಲಿ ಸ್ಕ್ರ್ಯಾಚ್ ಕಟ್ಟಿದ್ರು. ಪ್ರಾಜೆಕ್ಟ್, ಪ್ರೀತಿ, ಜೊತೆಗಾರರು, ಆಟ, ಇವು ನಾಲ್ಕಿದ್ರೆ ಕಲಿಕೆ ಆಗುತ್ತೆ ಅನ್ನೋದು ಅವರ ನಂಬಿಕೆ.

ನನ್ನ ತಕರಾರು ಇರೋದು ಈ ಮಾತನ್ನ ತರಬೇತಿಯ ಬದಲಿಗೆ ಬಳಸೋದರ ಬಗ್ಗೆ. ಗಣಿತದಲ್ಲಿ ನಾವು ಹೀಗೆ ಮಾಡ್ತೀವಾ? 42ರಿಂದ 17 ಕಳೆದ ಮಗು 35 ಅಂತ ಬರೆದ್ರೆ, ಅದು ಚಿಕ್ಕ ಅಂಕಿಯನ್ನ ದೊಡ್ಡ ಅಂಕಿಯಿಂದ ಕಳೆದಿದೆ ಅಂತ ಯಾವ ಟೀಚರಿಗೂ ನೋಡಿದ ಕೂಡಲೇ ಗೊತ್ತಾಗುತ್ತೆ. ತಪ್ಪಿನ ಹಿಂದಿರೋ ಯೋಚನೆಯನ್ನ ಓದೋ ಈ ಶಕ್ತಿಯೇ ಟೀಚರ್ ಅನ್ನೋ ವೃತ್ತಿ. ಕೋಡಿಂಗ್ ಅಂದ ಕೂಡಲೇ ಆ ಶಕ್ತಿ ಬೇಡ ಅಂತ ಹೇಳಿಬಿಡ್ತೀವಿ. ಅದು ಟೀಚರಿಗೆ ಕೊಡೋ ವಿನಾಯಿತಿ ಥರ ಕಾಣುತ್ತೆ, ನಿಜಕ್ಕೂ ಅವರಿಂದ ಕಿತ್ತುಕೊಂಡ ಗೌರವ.

ಬಿಟ್ಟರೆ ಮಕ್ಕಳು ತಾವೇ ಸರಿಮಾಡಿಕೊಳ್ತಾರೆ ಅನ್ನೋದಕ್ಕೂ ಮಿತಿ ಇದೆ. ಇಸ್ರೇಲಿನ ಮೀರ್‌ಬಾಮ್-ಸಾಲಂಟ್, ಅರ್ಮೋನಿ, ಬೆನ್-ಆರಿ ಮೂವರು 2011ರಲ್ಲಿ ಸ್ಕ್ರ್ಯಾಚ್ ಕಲಿತ ಶಾಲಾ ಮಕ್ಕಳ ಅಭ್ಯಾಸಗಳ ಬಗ್ಗೆ ಬರೆದ್ರು. ಏನು ಕಟ್ಟಬೇಕು ಅಂತ ಯೋಚಿಸದೆ ಕೈಗೆ ಸಿಕ್ಕ ಬ್ಲಾಕ್‌ಗಳನ್ನ ಎಳೆದು ಹಾಕ್ತಾ ಹೋಗೋದು, ಒಂದು ಕೆಲಸವನ್ನ ಅರ್ಥವಿಲ್ಲದಷ್ಟು ಸಣ್ಣ ಸಣ್ಣ ಚೂರು ಮಾಡೋದು, ಈ ಎರಡು ಚಾಳಿ ಅವರ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಓದಬಲ್ಲ ದೊಡ್ಡವರೊಬ್ಬರು ಇದ್ದಿದ್ರೆ "ಇದನ್ನ ಯಾಕೆ ಇಲ್ಲಿ ಹಾಕಿದೆ?" ಅಂತ ಕೇಳಿರೋರು.

ಒಂದು ಒಳ್ಳೇ ಪುಸ್ತಕದ ಮಿತಿ

ಈ ಕ್ಷೇತ್ರದಲ್ಲಿ ಟೀಚರ್‌ಗಳಿಗೆ ಅಂತ ಬರೆದ ಸಾಮಗ್ರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಾರ್ವರ್ಡ್‌ನ ಕ್ಯಾರೆನ್ ಬ್ರೆನನ್ ಮತ್ತು ಜೊತೆಗಾರರ 'ಕ್ರಿಯೇಟಿವ್ ಕಂಪ್ಯೂಟಿಂಗ್' ಕೈಪಿಡಿ. 2011ರಲ್ಲಿ ಮೊದಲ ರೂಪ ಬಂತು, ಸ್ಕ್ರ್ಯಾಚ್ 3.0 ಬಂದಮೇಲೆ 2019ರಲ್ಲಿ ಹೊಸದಾಗಿ ತಿದ್ದಿದ್ರು. ಉಚಿತ, ಯಾರು ಬೇಕಾದ್ರೂ ತಿದ್ದಿ ಹಂಚಬಹುದು. ಅನಿಮೇಶನ್, ಕಥೆ, ಆಟ ಅಂತ ಘಟಕಗಳು. ಹತ್ತೇ ಬ್ಲಾಕ್ ಕೊಟ್ಟು ಏನಾದ್ರೂ ಕಟ್ಟು ಅನ್ನೋ ಸವಾಲು ಒಂದಿದೆ, ಅದು ಎಷ್ಟು ಸಲ ಆಡಿದ್ರೂ ಹಳೇದಾಗಲ್ಲ. 'ಡೀಬಗ್ ಇಟ್' ಅಂತ ಬೇಕಂತಲೇ ಕೆಡಿಸಿದ ಪ್ರೋಗ್ರಾಂಗಳಿವೆ, ಮಕ್ಕಳು ರಿಪೇರಿ ಮಾಡಬೇಕು. ಇಡೀ ಪುಸ್ತಕದಲ್ಲಿ ನನಗೆ ಅದೇ ಚಿನ್ನ.

ಆದ್ರೆ ಪುಸ್ತಕ ನಿಲ್ಲೋದೂ ಅಲ್ಲೇ. ಮಗು ಏನು ಮಾಡಬೇಕು, ಆಮೇಲೆ ಯಾವ ಪ್ರಶ್ನೆ ಕೇಳಿ ಯೋಚನೆಗೆ ಹಚ್ಚಬೇಕು, ಇದೆಲ್ಲ ಇದೆ. ಮಗು ಇಲ್ಲಿ ಯಾವ ತಪ್ಪು ಕಲ್ಪನೆಯಿಂದ ಎಡವಬಹುದು, ಟೀಚರ್ ಅದನ್ನ ಹೇಗೆ ಗುರುತಿಸಬೇಕು ಅನ್ನೋ ಕಡೆಗೆ ಒತ್ತು ಕಡಿಮೆ. ಅನುಭವ ಇರೋ ಟೀಚರ್ ಆ ಖಾಲಿ ಜಾಗವನ್ನ ತಾನೇ ತುಂಬಿಕೊಳ್ತಾರೆ. ಲೈಬ್ರರಿಯಲ್ಲಿ ನನ್ನ ಪಕ್ಕ ಕೂತಿದ್ದ ಟೀಚರಿಗೆ ಬೇಕಾಗಿದ್ದದ್ದು ಆ ಜಾಗದಲ್ಲಿ ಇರಬೇಕಾದ ಮಾತೇ.

ಅಳೆಯೋ ವಿಷಯಕ್ಕೆ ಬಂದ್ರೆ, ಅದು ನನ್ನ ಅನ್ನದ ಕೆಲಸ, ಹಾಗಾಗಿ ಸ್ವಲ್ಪ ಮುಲಾಜಿಲ್ಲದೆ ಹೇಳ್ತೀನಿ. ಸ್ಪೇನಿನವರು ಮಾಡಿದ 'ಡಾಕ್ಟರ್ ಸ್ಕ್ರ್ಯಾಚ್' ಅನ್ನೋ ಸಾಧನ ಮಗುವಿನ ಪ್ರಾಜೆಕ್ಟ್ ಓದಿ, ಯಾವ ಯಾವ ಥರದ ಬ್ಲಾಕ್ ಇದೆ ನೋಡಿ ಅಂಕ ಕೊಡುತ್ತೆ. ಲೂಪ್ ಇದ್ರೆ ಅಂಕ ಜಾಸ್ತಿ. ಉಪಯೋಗದ ಸಾಧನವೇ, ಟೀಚರಿಗೆ ಸಮಯ ಉಳಿಯುತ್ತೆ. ಆದ್ರೆ ಆ ಶನಿವಾರ ನಾನು ಮೌಸ್ ಕಿತ್ತುಕೊಂಡು ಫಾರೆವರ್ ಎಳೆದು ಹಾಕಿದ್ನಲ್ಲ, ಆಗ ಈ ಲೆಕ್ಕದಲ್ಲಿ ಹುಡುಗಿಯ ಅಂಕ ಏರಿರುತ್ತೆ. ಅವಳ ತಿಳಿವಳಿಕೆ ಒಂದು ಕೂದಲೆಳೆಯೂ ಏರಿಲ್ಲ. ತರಬೇತಿಯ ವಿಷಯದಲ್ಲೂ ಹೀಗೇ. ಎಷ್ಟು ಟೀಚರ್ ಬಂದ್ರು, ಎಷ್ಟು ಗಂಟೆ ಕೂತ್ರು, ಎಷ್ಟು ಸರ್ಟಿಫಿಕೇಟ್ ಕೊಟ್ವಿ, ಇವನ್ನ ಎಣಿಸೋದು ಸುಲಭ. "ಈ ಪ್ರೋಗ್ರಾಂ ಯಾಕೆ ಓಡ್ತಿಲ್ಲ, ಬರೆದ ಮಗು ಏನಂದುಕೊಂಡಿತ್ತು?" ಅಂತ ಕೇಳಿದ್ರೆ ಎಷ್ಟು ಜನ ಉತ್ತರ ಕೊಡ್ತಾರೆ ಅನ್ನೋದನ್ನ ಎಣಿಸೋಕೆ ಸ್ವಲ್ಪ ಕಷ್ಟ ಪಡಬೇಕು. ಆದ್ರೆ ಎಣಿಸಬೇಕಾದ್ದು ಅದನ್ನೇ.

ಆಮೆಗೂ ಇದೇ ಗತಿ ಆಗಿತ್ತು

ನಮ್ಮಲ್ಲಿ ಮೂವತ್ತು ದಾಟಿದ ಎಷ್ಟೋ ಜನ ಶಾಲೆಯಲ್ಲಿ ಲೋಗೋ ಕಲಿತಿರ್ತೀವಿ. ಪ್ಯಾಪರ್ಟ್, ವಾಲಿ ಫರ್‌ಝೈಗ್, ಸಿಂಥಿಯಾ ಸಾಲಮನ್ ಸೇರಿ 1967ರಲ್ಲಿ ಮಾಡಿದ ಭಾಷೆ ಅದು. ನಾನು ಓದಿದ ಕರ್ನಾಟಕದ ಒಂದು ಶಾಲೆಯಲ್ಲಿ ಟೀಚರ್ ಬೋರ್ಡ್ ಮೇಲೆ ಬರೀತಿದ್ರು: ರಿಪೀಟ್ 4, ಎಫ್‌ಡಿ 100, ಆರ್‌ಟಿ 90. ನಾವು ನೋಟ್‌ಬುಕ್ಕಲ್ಲಿ ಬರ್ಕೊಂಡು ಮಗ್ಗಿ ಥರ ಉರು ಹೊಡೆದ್ವಿ. ಪರೀಕ್ಷೆಯಲ್ಲಿ "ಚೌಕಕ್ಕೆ ಕಮಾಂಡ್ ಬರೆಯಿರಿ" ಅಂತ ಬಂತು, ಪೂರ್ತಿ ಅಂಕ ಬಂತು. 90ರ ಬದಲು 120 ಹಾಕಿದ್ರೆ ಏನಾಗುತ್ತೆ ಅಂತ ನಾನು ಕೇಳಿಕೊಂಡದ್ದು ಇಂಜಿನಿಯರಿಂಗ್‌ಗೆ ಬಂದಮೇಲೆ. ಮಗು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ಕೋನ ಅರ್ಥ ಮಾಡಿಕೊಳ್ಳಲಿ ಅಂತ ಪ್ಯಾಪರ್ಟ್ ಮಾಡಿದ ಆಮೆ ಅದು. ನಮ್ಮ ಕ್ಲಾಸಿಗೆ ಬರೋಷ್ಟರಲ್ಲಿ ಮಂತ್ರ ಆಗಿತ್ತು. ಆ ಟೀಚರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವರಿಗೂ ಯಾರೋ ಅದನ್ನ ಹಾಗೇ ಒಪ್ಪಿಸಿದ್ರು.

ಸ್ಕ್ರ್ಯಾಚಿಗೆ ಹಾಗಾಗಬಾರದು ಅಂದ್ರೆ ಐರ್ಲೆಂಡ್ ದೂರ ಹೋಗಿ ನೋಡಬೇಕಾಗಿಲ್ಲ. 1998ರಲ್ಲೇ ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ಸ್ ಕಾಲೇಜಿನ ಡೀರ್ಡ್ರಾ ಬಟ್ಲರ್ ಎಂಐಟಿ ಮೀಡಿಯಾ ಲ್ಯಾಬ್ ಜೊತೆ ಸೇರಿ 'ಎಂಪವರಿಂಗ್ ಮೈಂಡ್ಸ್' ಅಂತ ಯೋಜನೆ ಶುರು ಮಾಡಿದ್ರು. ಪ್ರೋಗ್ರಾಂ ಮಾಡಬಹುದಾದ ಲೆಗೋ ಇಟ್ಟುಕೊಂಡು ಪ್ರೈಮರಿ ಟೀಚರ್‌ಗಳು ಮೊದಲು ತಾವೇ ಕಲಿಯೋರಾಗಿ ಕೂತು ಕಟ್ಟಿದ್ರು, ಕೆಡಿಸಿದ್ರು, ಆಮೇಲೆ ಕ್ಲಾಸಿಗೆ ಒಯ್ದರು. ಒಂದು ದಿನದ ಕಾರ್ಯಾಗಾರ ಅಲ್ಲ, ಟೀಚರ್‌ಗಳ ಒಂದು ಬಳಗ. ಆ ಕಾಲೇಜು 2016ರಲ್ಲಿ ಡಿಸಿಯು ವಿಶ್ವವಿದ್ಯಾಲಯದ ಒಳಗೆ ಸೇರಿತು.

ನಮ್ಮ ಭಾಷೆಯ ಕಡೆಗೂ ಒಂದು ಉದಾಹರಣೆ ಇದೆ, ಕರ್ನಾಟಕದ ಗಡಿ ಆಚೆ. ಕೇರಳ ಸರ್ಕಾರ 2001ರಲ್ಲಿ ಐಟಿ@ಸ್ಕೂಲ್ ಶುರು ಮಾಡಿ, 2017ರಲ್ಲಿ ಅದನ್ನ ಕೈಟ್ ಅನ್ನೋ ಕಂಪನಿ ಮಾಡ್ತು. 2018ರಲ್ಲಿ ಬಂದ ಲಿಟಲ್ ಕೈಟ್ಸ್ ಕ್ಲಬ್‌ಗಳಲ್ಲಿ ಮಕ್ಕಳು ಸ್ಕ್ರ್ಯಾಚ್ ಕಲೀತಾರೆ. ಅಲ್ಲಿ ತರಬೇತಿ ಕೊಡೋ ಮಾಸ್ಟರ್ ಟ್ರೇನರ್‌ಗಳೂ ಶಾಲೆಯಿಂದ ಬಂದ ಟೀಚರ್‌ಗಳೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿದೆ. ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳ್ತಿಲ್ಲ. ತರಬೇತಿ ಬಂದುಹೋಗೋ ಹಬ್ಬ ಆಗದೆ ವರ್ಷವೆಲ್ಲ ಇರೋ ವ್ಯವಸ್ಥೆ ಆಗಬಹುದು, ಟೀಚರ್ ತನ್ನ ಕ್ಲಾಸಿನ ಭಾಷೆಯಲ್ಲೇ ಅದನ್ನ ಯೋಚಿಸಬಹುದು ಅನ್ನೋದಕ್ಕೆ ಇದು ಸಾಕ್ಷಿ. ಸ್ಕ್ರ್ಯಾಚ್ ಐರಿಷ್‌ನಲ್ಲೂ ಸಿಗುತ್ತೆ, ಇಲ್ಲಿನ ಗೇಲ್‌ಸ್ಕೂಲ್ ಟೀಚರಿಗೂ ಅದೇ ಅವಕಾಶ ಇದೆ.

ಹಾಗಾದ್ರೆ ಏನು ಮಾಡಬೇಕು?

20 ಗಂಟೆಯಲ್ಲಿ ಅರ್ಧ ದಿನ ನನಗೆ ಕೊಟ್ರೆ ನಾನು ಎರಡು ಪ್ರೋಗ್ರಾಂ ಮಾತ್ರ ತೋರಿಸ್ತೀನಿ. ಒಂದರಲ್ಲಿ "10 ಹೆಜ್ಜೆ ಮುಂದೆ ಹೋಗು" ಅನ್ನೋ ಬ್ಲಾಕನ್ನ ಹತ್ತು ಸಲ ಒಂದರ ಕೆಳಗೊಂದು ಜೋಡಿಸಿದೆ. ಇನ್ನೊಂದರಲ್ಲಿ ರಿಪೀಟ್ 10ರ ಒಳಗೆ ಅದೇ ಬ್ಲಾಕ್ ಒಂದು ಸಲ. ಓಡಿಸೋ ಮುಂಚೆ ಎಲ್ಲರೂ ಚೀಟಿ ಮೇಲೆ ಬರೀಬೇಕು: ಏನು ಕಾಣುತ್ತೆ? "ಎರಡೂ ಒಂದೇ" ಅನ್ನೋ ಚೀಟಿಗಳೇ ಜಾಸ್ತಿ ಇರ್ತವೆ ಅಂತ ನನ್ನ ಊಹೆ. ಓಡಿಸಿದ್ರೆ ಮೊದಲನೇ ಬೆಕ್ಕು ಒಂದೇ ನೆಗೆತಕ್ಕೆ 100 ಹೆಜ್ಜೆ ಆಚೆ ಇರುತ್ತೆ, ಎರಡನೇದು ಜಾರಿಕೊಂಡು ಹೋಗುತ್ತೆ. ಯಾಕಂದ್ರೆ ಲೂಪಿನ ಪ್ರತಿ ಸುತ್ತಿನ ಕೊನೆಗೆ ಸ್ಕ್ರ್ಯಾಚ್ ಪರದೆಯನ್ನ ಮತ್ತೆ ಬಿಡಿಸುತ್ತೆ, ಬಿಡಿ ಬ್ಲಾಕ್‌ಗಳ ನಡುವೆ ಬಿಡಿಸಲ್ಲ. ಕೊನೆಗೆ ಮುಟ್ಟೋ ಜಾಗ ಒಂದೇ, ಕಣ್ಣಿಗೆ ಕಾಣೋದು ಬೇರೆ. ಯಂತ್ರದ ಒಳಗೆ ಏನು ನಡೀತಿದೆ ಅನ್ನೋ ಕುತೂಹಲ ಹುಟ್ಟೋಕೆ ಇಷ್ಟು ಸಾಕು.

ಮೊದಲು ಊಹಿಸು, ಆಮೇಲೆ ಓಡಿಸು, ಒಳಗೆ ಕೆದಕು, ಸ್ವಲ್ಪ ಬದಲಾಯಿಸು, ಕೊನೆಗೆ ನಿನ್ನದು ಕಟ್ಟು. ಈ ಐದು ಹೆಜ್ಜೆಗೆ ಬ್ರಿಟನ್ನಿನ ಸೂ ಸೆಂಟನ್ಸ್ ಮತ್ತು ಜೊತೆಗಾರರು 'ಪ್ರಿಮ್' ಅಂತ ಹೆಸರಿಟ್ಟಿದ್ದಾರೆ. ನನಗೆ ಇದು ಹಿಡಿಸೋಕೆ ಕಾರಣ, ಪ್ರೈಮರಿ ಟೀಚರಿಗೆ ಇದು ಆಗಲೇ ಬರೋ ವಿದ್ಯೆ. ಕಥೆ ಓದುವಾಗ ಪುಟ ತಿರುಗಿಸೋ ಮುಂಚೆ ನಿಲ್ಲಿಸಿ "ಈಗ ಏನಾಗಬಹುದು?" ಅಂತ ಅವರು ದಿನಾ ಕೇಳ್ತಾರೆ. ಕೋಡಿಂಗ್ ಕಲಿಸೋಕೆ ಅವರು ಅರ್ಧ ಇಂಜಿನಿಯರ್ ಆಗಬೇಕಿಲ್ಲ. ಅವರ ಓದಿಸೋ ಕಲೆಯನ್ನ ಪ್ರೋಗ್ರಾಂ ಮುಂದೆಯೂ ಹೂಡಬಹುದು ಅಂತ ಯಾರಾದ್ರೂ ಹೇಳಬೇಕು. ಜೊತೆಗೆ ಹೆಚ್ಚಾಗಿ ಬರೋ ಹತ್ತು ತಪ್ಪು ಕಲ್ಪನೆಗಳ ಒಂದು ಪಟ್ಟಿ ಕೈಗೆ ಕೊಡಬೇಕು. ವರ್ಷಕ್ಕೆ ಮೂರು ಸಲ ಮಕ್ಕಳ ಓಡದ ಪ್ರೋಗ್ರಾಂಗಳನ್ನ ಹಿಡಕೊಂಡು ಬಂದು ಕೂತು ಮಾತಾಡೋಕೆ ಸಮಯ ಕೊಡಬೇಕು.

ಇದರಲ್ಲಿ ನಮಗೇನು ಅಂತ ನೀವು ಕೇಳಬಹುದು. ಲೂಕನ್, ಸ್ವೋರ್ಡ್ಸ್, ಬ್ಲಾಂಚರ್ಡ್ಸ್‌ಟೌನ್ ಕಡೆಯ ನಮ್ಮ ಮನೆಗಳಲ್ಲಿ ಅಪ್ಪನೋ ಅಮ್ಮನೋ ಐಟಿಯಲ್ಲಿರ್ತಾರೆ. ಶಾಲೆಯಲ್ಲಿ ಅರ್ಥ ಆಗದಿದ್ರೆ ರಾತ್ರಿ ಊಟ ಆದಮೇಲೆ ಹೇಳಿಕೊಡ್ತೀವಿ, ಇಲ್ಲ ಶನಿವಾರದ ಕ್ಲಾಸಿಗೆ ಸೇರಿಸ್ತೀವಿ. ನಮ್ಮ ಮಕ್ಕಳು ಹೇಗೋ ದಾಟಿಕೊಳ್ತಾರೆ. ಅದೇ ಬೆಂಚಲ್ಲಿ ಕೂತ ಇನ್ನೊಂದು ಮಗುವಿನ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿರಬಹುದು, ಇದ್ದರೂ ಕೇಳೋಕೆ ಜನ ಇಲ್ಲದಿರಬಹುದು. ಆ ಮಗುವಿಗೆ ಇರೋದು ಟೀಚರ್ ಒಬ್ಬರೇ. ಟೀಚರಿಗೆ ಓದೋಕೆ ಬರದಿದ್ರೆ ಬೆಕ್ಕು ಓಡದ ದಿನ ಆ ಮಗು "ಇದು ನನ್ನಂಥೋರಿಗಲ್ಲ" ಅಂದ್ಕೊಂಡು ಎದ್ದು ಹೋಗುತ್ತೆ. ಕೋಡಿಂಗ್ ಎಲ್ಲ ಮಕ್ಕಳಿಗೂ ಸಿಗಲಿ ಅಂತ ಪಠ್ಯಕ್ರಮಕ್ಕೆ ತಂದು, ಕೊನೆಗೆ ನಮ್ಮಂಥ ಮನೆಯ ಮಕ್ಕಳಿಗೇ ಅದು ಮತ್ತಷ್ಟು ಅನುಕೂಲ ಮಾಡಿಕೊಟ್ಟ ಹಾಗಾಗುತ್ತೆ. ನಾವು ಶಾಲೆಯ ಪೇರೆಂಟ್ಸ್ ಮೀಟಿಂಗಲ್ಲಿ "ಕೋಡಿಂಗ್ ಯಾವಾಗ ಶುರು ಮಾಡ್ತೀರಿ?" ಅಂತ ಕೇಳೋದರ ಜೊತೆ "ಟೀಚರಿಗೆ ಅದಕ್ಕೆ ಎಷ್ಟು ಸಮಯ ಕೊಟ್ಟಿದ್ದೀರಿ?" ಅಂತಲೂ ಕೇಳಬೇಕು.

ಮೂರು ವಾರ ಬಿಟ್ಟು ಆ ಟೀಚರ್ ಮತ್ತೆ ಬಂದ್ರು. ಅವತ್ತು ಬೇರೆ ಹುಡುಗ, ಹೆಚ್ಚು ಕಡಿಮೆ ಅದೇ ತಪ್ಪು. ನಾನು ಅಭ್ಯಾಸಬಲದಿಂದ ಮೌಸ್ ಕಡೆ ಕೈ ಚಾಚಿದೆ. ಅವರು ನನ್ನನ್ನ ತಡೆದು ಹುಡುಗನಿಗೆ ಹೇಳಿದ್ರು: "ಎದ್ದು ನಿಲ್ಲು. ನೀನೇ ಬೆಕ್ಕು, ನಾನು ನಾಯಿ. ನಿನ್ನ ಮೂರು ಬ್ಲಾಕನ್ನ ಓದ್ತೀನಿ, ಓದಿದಷ್ಟೇ ಮಾಡು." ಬಾವುಟ ಅಂದ್ರು. ನಾಯಿ ಮುಟ್ಟಿದೆಯಾ ಅಂದ್ರು. ಹುಡುಗ ಇಲ್ಲ ಅಂದ. "ಮುಗೀತು" ಅಂದ್ರು. ಆಮೇಲೆ ಹೋಗಿ ಅವನ ಭುಜ ಮುಟ್ಟಿದ್ರು. ಹುಡುಗ ಔಟ್ ಅನ್ನೋಕೆ ಬಾಯಿ ತೆಗೆದ, ಅಲ್ಲೇ ನಿಲ್ಲಿಸಿದ. "ಆದ್ರೆ ನಾನು ಆಗಲೇ ನೋಡಿ ಆಯ್ತಲ್ಲ" ಅಂದ. ಫಾರೆವರ್ ಬ್ಲಾಕ್ ಹುಡುಕೋಕೆ ಅವನಿಗೆ ಇನ್ನೂ ಐದು ನಿಮಿಷ ಹಿಡೀತು. ಮೌಸ್ ಅವನ ಕೈಯಲ್ಲೇ ಇತ್ತು.